ಎಫ್ ಕೀ ಕೈಕೊಟ್ಟಾಗ: ಒರೆಸೋದಾ, ಬಿಚ್ಚೋದಾ, ಬದಲಿಸೋದಾ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಮೊದಲು ಕೈಕೊಟ್ಟಿದ್ದು ಎಫ್ ಕೀ. ನುಡಿ ಕೀಬೋರ್ಡ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಇದರ ಸಂಕಟ ಗೊತ್ತು. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಬೇಕೇ ಬೇಕು. ಅದಿಲ್ಲದೆ ‘ಅಕ್ಕ’ ಹೋಗಿ ‘ಅಕಕ’ ಆಗುತ್ತದೆ, ‘ಹಬ್ಬ’ ಹೋಗಿ ‘ಹಬಬ’ ಆಗುತ್ತದೆ. ಮಾಮೂಲಿನಂತೆ ಎಷ್ಟು ಸಲ ಒತ್ತಿದರೂ ಒತ್ತು ಬರಲಿಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳಲು ಇದೇ ನೆಪ ಸಾಕು ಅನ್ನಿಸಿದ್ದೂ ನಿಜ. ಆದರೆ ಉಳಿದದ್ದೆಲ್ಲ ಚೆನ್ನಾಗಿರುವಾಗ ಒಂದು ಕೀಗಾಗಿ ಇಡೀ ಲ್ಯಾಪ್‌ಟಾಪ್ ಎಸೆಯೋಕೆ ಮನಸ್ಸು ಬರಲಿಲ್ಲ. ಅಲ್ಲಿಂದ ಒಂದೂವರೆ ವರ್ಷದಲ್ಲಿ ಇದೇ ಕೀಬೋರ್ಡ್ ಮೇಲೆ ನಾಲ್ಕು ದಾರಿ ಪ್ರಯತ್ನಿಸಿದೆ. ಅದರಲ್ಲಿ ಒಂದು ಶುದ್ಧ ದಂಡ.

ಬಿಚ್ಚುವ ಮೊದಲು ಒಂದು ಮಾತು. ಹೊರಗಿನ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ನೋಡಿ. ಅದರಲ್ಲೂ ಕೀ ಕೆಲಸ ಮಾಡದಿದ್ದರೆ ಕೆಟ್ಟಿರುವುದು ಕೀಬೋರ್ಡ್ ಅಲ್ಲ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೆಟ್ಟಿಂಗ್ ಬೇಕಾ ಎಂದು ಕೇಳುತ್ತದೆ. ಓದದೆ ಹೂಂ ಅಂದರೆ ಮುಗಿಯಿತು, ಬೇಗ ಬೇಗ ಒತ್ತಿದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನನ್ನದು ಹಾಗಿರಲಿಲ್ಲ. ಎಫ್ ಮಾತ್ರ ಸತ್ತಿತ್ತು, ಅದೂ ಪೂರ್ತಿಯಲ್ಲ. ಗುದ್ದಿದರೆ ಬರುತ್ತಿತ್ತು. ಲ್ಯಾಪ್‌ಟಾಪ್ ಆಫ್ ಮಾಡಿ, ತೆಳು ಪ್ಲಾಸ್ಟಿಕ್ ಚೂರನ್ನು ಮೂಲೆಯಲ್ಲಿ ತೂರಿಸಿ ಮೆಲ್ಲಗೆ ಎತ್ತಿದೆ. ಟಕ್ ಅಂತ ಕ್ಯಾಪ್ ಬಂತು. ಕೆಳಗೆ ಕತ್ತರಿಯಂತೆ ಒಂದರೊಳಗೊಂದು ಕೂತ ಎರಡು ಪ್ಲಾಸ್ಟಿಕ್ ಚೌಕಟ್ಟು, ನಡುವೆ ರಬ್ಬರಿನ ಪುಟ್ಟ ಗುಮ್ಮಟ. ಆ ಗುಮ್ಮಟದ ಬುಡದಲ್ಲಿ ಒಂದು ಉಗುರಿನ ಚೂರು! ಯಾರದು ಅಂತ ಕೇಳಬೇಡಿ. ಅದು ಅಡ್ಡ ಕೂತು ಕೀ ಪೂರ್ತಿ ಕೆಳಗಿಳಿಯಲು ಬಿಡುತ್ತಿರಲಿಲ್ಲ. ಚಿಮಟದಿಂದ ತೆಗೆದೆ, ಕ್ಯಾಪ್ ಕೂರಿಸಿದೆ. ಹತ್ತು ನಿಮಿಷದ ಕೆಲಸ.

ಅಲ್ಲಿಗೇ ಸುಮ್ನೆ ಇರಬೇಕಿತ್ತು. ಪಕ್ಕದ ಜಿ ಕೀಯನ್ನೂ ನೋಡಿಬಿಡೋಣ ಅಂತ ಎತ್ತಿದೆ, ಕತ್ತರಿ ಕ್ಲಿಪ್ಪಿನ ಕೂದಲೆಳೆಯಂಥ ಕಾಲು ಮುರಿಯಿತು. ಒಂದೇ ಕೀಬೋರ್ಡಿನಲ್ಲೂ ಕ್ಲಿಪ್ಪುಗಳು ಎರಡು ಮೂರು ಬಗೆ ಇರಬಹುದು, ಹಾಗಾಗಿ ಬಿಡಿ ಕ್ಲಿಪ್ ತರಿಸುವುದು ತಲೆನೋವು. ಅಷ್ಟೇ ಅಗಲದ ಚೌಕ ಬ್ರ್ಯಾಕೆಟ್ ಕೀಯಿಂದ ಕಿತ್ತು ಇಲ್ಲಿ ಹಾಕಿದೆ. ಬ್ರ್ಯಾಕೆಟ್ ನನಗೆ ಯಾವಾಗ ಬೇಕು? ಇನ್ನು ಸ್ಪೇಸ್‌ಬಾರ್, ಎಂಟರ್, ಶಿಫ್ಟ್‌ನಂಥ ಉದ್ದ ಕೀಗಳ ಅಡಿಯಲ್ಲಿ ತಂತಿಯ ಕಂಬಿ ಇರುತ್ತದೆ. ಕಾರಣವಿಲ್ಲದೆ ಅವುಗಳ ತಂಟೆಗೆ ಹೋಗಬೇಡಿ.

ನಿಜವಾದ ಪರೀಕ್ಷೆ ಬಂದದ್ದು ಜ್ಯೂಸ್ ಚೆಲ್ಲಿದ ದಿನ. ಈ ಬಾರಿ ಆರು ಕೀ ಒಟ್ಟಿಗೆ ಹೋದವು. ಒಂದು ಇಲ್ಲಿ, ಒಂದು ಅಲ್ಲಿ, ಚೆಲ್ಲಾಪಿಲ್ಲಿ. ಒಳಗೆ ಕೀಗಳೆಲ್ಲ ಕರೆಂಟ್ ಹರಿಯುವ ಅಡ್ಡ ಮತ್ತು ಉದ್ದ ಗೆರೆಗಳ ಬಲೆಯಲ್ಲಿ ಕೂತಿರುತ್ತವೆ. ಒಂದು ಗೆರೆ ಕಡಿದರೆ ಅದರ ಮೇಲಿನ ಕೀಗಳೆಲ್ಲ ಹೋಗುತ್ತವೆ. ಆ ಗೆರೆಗಳು ನಮ್ಮ ಕಣ್ಣಿಗೆ ಕಾಣುವ ಸಾಲಿನಂತೆಯೇ ಓಡುವುದಿಲ್ಲ. ಹಾಗಾಗಿ ಒಂದು ಕೀ ಹೋದರೆ ಕಸ ಅಥವಾ ಕ್ಲಿಪ್, ಗುಂಪಾಗಿ ಹೋದರೆ ಗೆರೆ ಅಥವಾ ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್. ಯಾವ ದಾರಿ ಹಿಡಿಯಬೇಕು ಅನ್ನುವುದು ಬಹುಪಾಲು ಇಲ್ಲೇ ತೀರ್ಮಾನ ಆಗುತ್ತದೆ.

ಎಲ್ಲರೂ ಹೇಳುವಂತೆ 99% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಅಂಟು ಹೋಗಲಿಲ್ಲ. ಸಕ್ಕರೆ ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ನೀರೇ ಬೇಕು. ಬ್ಯಾಟರಿ ಕಳಚಿ, ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್‌ನಿಂದ ಮೊದಲು ಒರೆಸಿ, ಆಮೇಲೆ ಒಣಗಲೆಂದು ಆಲ್ಕೋಹಾಲ್ ಹಚ್ಚಿದೆ. ಅಂಟೇನೋ ಹೋಯಿತು, ಕೀಗಳು ಬರಲಿಲ್ಲ.

ಆಗ ಮಾಡಿದ್ದೇ ಆ ದಂಡದ ಕೆಲಸ. ಕೀಬೋರ್ಡ್ ಹೊರತೆಗೆದು ಒಳಗಿನ ಮೂರು ಪ್ಲಾಸ್ಟಿಕ್ ಹಾಳೆಗಳನ್ನು ಬಿಡಿಸಿದೆ. ಮೇಲಿನದಕ್ಕೂ ಕೆಳಗಿನದಕ್ಕೂ ಗೆರೆ ಅಚ್ಚಾಗಿರುತ್ತದೆ, ನಡುವಿನದರಲ್ಲಿ ಬರೀ ತೂತು. ಒಂದು ಕಡೆ ಗೆರೆ ಕಪ್ಪಾಗಿ ಕಡಿದಿತ್ತು, ಮಲ್ಟಿಮೀಟರ್ ಕೂಡ ಅದನ್ನೇ ಹೇಳಿತು. ಬೆಸುಗೆ ಹಾಕಲು ಹೋದರೆ ಹಾಳೆಯೇ ಕರಗುತ್ತದೆ. ಕರೆಂಟ್ ಹರಿಯುವ ಬೆಳ್ಳಿ ಬಣ್ಣವನ್ನು ಸೂಜಿಮೊನೆಯಲ್ಲಿ ಹಚ್ಚಿದೆ. ಮೂರು ದಿನ ನಡೆಯಿತು. ನಾಲ್ಕನೇ ದಿನ ಬಣ್ಣ ಬಿರುಕು ಬಿಟ್ಟಿತು. ಒಂದು ಇಡೀ ಭಾನುವಾರ ಹಾಳು. ನನ್ನ ಮಟ್ಟಿಗೆ ಹಾಳೆ ಬಿಡಿಸುವ ಸಾಹಸ ಇನ್ನೊಮ್ಮೆ ಇಲ್ಲ.

ಆಮೇಲೆ ಹೊರಗಿನ ಕೀಬೋರ್ಡ್. ಮೇಜಿನ ಮೇಲೆ ಆರಾಮ, ತೊಡೆಯ ಮೇಲೆ ಸರ್ಕಸ್. ಅದೂ ಅಲ್ಲದೆ ಒಳಗಿನ ಕೀ ಸತ್ತಿದ್ದರೆ ಸರಿ, ತಾನಾಗಿ ಒತ್ತಿಕೊಳ್ಳುತ್ತಿದ್ದರೆ? ಹೊರಗಿನದರಲ್ಲಿ ಏನು ಬರೆದರೂ ನಡುವೆ ‘ಕಕಕಕ’ ಬರುತ್ತಲೇ ಇರುತ್ತದೆ. ಒಳಗಿನ ರಿಬ್ಬನ್ ಕಳಚಬೇಕು. ಕೆಲವು ಮಾಡೆಲ್‌ಗಳಲ್ಲಿ ಪವರ್ ಬಟನ್ ಕೂಡ ಅದೇ ಕೀಬೋರ್ಡಿನಲ್ಲಿದೆ, ರಿಬ್ಬನ್ ತೆಗೆದರೆ ಲ್ಯಾಪ್‌ಟಾಪ್ ಆನ್ ಮಾಡೋದೇ ಕಷ್ಟ.

ಕೊನೆಗೆ ಹೊಸ ಕೀಬೋರ್ಡನ್ನೇ ತರಿಸಿ ಹಾಕಿದೆ. ತರಿಸುವ ಮುಂಚೆ ಹಳೆಯದರ ಬೆನ್ನಿನ ಸ್ಟಿಕ್ಕರ್‌ನಲ್ಲಿರುವ ಪಾರ್ಟ್ ನಂಬರ್ ನೋಡಿಕೊಳ್ಳಿ. ಎಂಟರ್ ಕೀ ಅಡ್ಡ ಪಟ್ಟಿಯಂತಿದೆಯಾ, ಎತ್ತರವಾಗಿದೆಯಾ? ಕೀಗಳ ಕೆಳಗೆ ದೀಪ ಇದೆಯಾ? ದೀಪಕ್ಕೆ ಸಾಮಾನ್ಯವಾಗಿ ಬೇರೆ ರಿಬ್ಬನ್ ಇರುತ್ತದೆ.

ಹಿಂದೊಮ್ಮೆ ಹಳೆಯ ಲ್ಯಾಪ್‌ಟಾಪ್‌ಗೆ ಇದೇ ಕೆಲಸ ಮಾಡಿದ್ದೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಕೀಬೋರ್ಡ್ ಮೇಲಿನಿಂದಲೇ ಎದ್ದು ಬರುತ್ತಿತ್ತು. ಇಪ್ಪತ್ತು ನಿಮಿಷ. ಇದು ಹಾಗಲ್ಲ. ಬ್ಯಾಟರಿ, ಫ್ಯಾನ್, ಮದರ್‌ಬೋರ್ಡ್ ಎಲ್ಲ ತೆಗೆದ ಮೇಲೆ ತಳದಲ್ಲಿ ಕೀಬೋರ್ಡ್ ಕಂಡಿತು. ಅದಕ್ಕೂ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ ಮೊಳೆ ಕರಗಿಸಿ ತಲೆ ಚಪ್ಪಟೆ ಮಾಡಿದ್ದಾರೆ. ಅರವತ್ತಕ್ಕೆ ಎಣಿಸುವುದು ನಿಲ್ಲಿಸಿದೆ. ಒಂದೊಂದರ ತಲೆಯನ್ನೂ ಬ್ಲೇಡಿನಿಂದ ಕೊಯ್ಯಬೇಕು, ಹೊಸದನ್ನು ಇಟ್ಟ ಮೇಲೆ ಸೋಲ್ಡರಿಂಗ್ ಐರನ್ ತಾಗಿಸಿ ಮತ್ತೆ ಕರಗಿಸಬೇಕು. ಎರಡು ಕಡೆ ಸರಿಯಾಗಿ ಕೂರಲಿಲ್ಲ. ಅಲ್ಲಿ ಒತ್ತಿದರೆ ಈಗಲೂ ಸ್ವಲ್ಪ ಬಗ್ಗುತ್ತದೆ. ಕೀಬೋರ್ಡ್ ಕೂರಿಸಿದ ಇಡೀ ಮೇಲ್ಕವಚವೇ ಸಿಗುವುದಾದರೆ, ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ.

ರಿಬ್ಬನ್ ತೆಗೆಯುವಾಗ ಎಳೆಯಬೇಡಿ. ಕನೆಕ್ಟರ್ ಮೇಲಿನ ಸಣ್ಣ ಕಪ್ಪು ಪಟ್ಟಿಯನ್ನು ಉಗುರಿನಿಂದ ಎತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ. ಕೆಲವದರಲ್ಲಿ ಆ ಪಟ್ಟಿಯನ್ನು ಎತ್ತುವ ಬದಲು ಮುಂದಕ್ಕೆ ಸರಿಸಬೇಕು. ಸ್ಕ್ರೂಗಳನ್ನು ಕಾಗದದ ಮೇಲೆ, ಬಿಚ್ಚಿದ ಜಾಗದ ಲೆಕ್ಕದಲ್ಲೇ ಚುಚ್ಚಿಡಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಮೇಲಿನ ಕವಚಕ್ಕೇ ತೂತು.

ಇಷ್ಟೆಲ್ಲ ಹೇಳಿದರೂ, ಕೀಬೋರ್ಡ್ ನಡುವೆ ಉಬ್ಬಿದ ಹಾಗೆ ಕಂಡರೆ ಈ ಯಾವುದನ್ನೂ ಮಾಡಬೇಡಿ. ಕೆಳಗೆ ಬ್ಯಾಟರಿ ಊದಿರಬಹುದು. ಚಾರ್ಜ್ ಮಾಡದೆ, ಒತ್ತದೆ, ಗೊತ್ತಿರುವವರ ಕೈಗೆ ಕೊಡಿ.

ಹಳೆಯ ಕೀಬೋರ್ಡ್ ಇನ್ನೂ ಡ್ರಾಯರ್‌ನಲ್ಲಿದೆ. ಜಿ ಕ್ಲಿಪ್ ಮತ್ತೆ ಮುರಿದರೆ ಬ್ರ್ಯಾಕೆಟ್ ಕೀಗೆ ಕೈ ಹಾಕಬೇಕಿಲ್ಲ.