ಮಲಬದ್ಧತೆಗೆ ಪಾಲಿಎಥಿಲಿನ್ ಗ್ಲೈಕಾಲ್ ಪುಡಿ: ಎಂಟು ತಿಂಗಳು ಬಳಸಿದ ಮೇಲೆ

ಈ ಪುಡಿ ಕುಡಿದ ರಾತ್ರಿಯೇ ಕೆಲಸ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದೆ ನಾನು ಎರಡನೇ ದಿನವೇ ಅಳತೆ ಡಬಲ್ ಮಾಡಿದೆ, ಸಾಲದು ಅಂತ ಮನೆಯಲ್ಲಿದ್ದ ಬಿಸಾಕೊಡಿಲ್ ಎಂಬ ಭೇದಿ ಮಾಡಿಸುವ ಮಾತ್ರೆಯನ್ನೂ ನುಂಗಿದೆ. ಮಾರನೇ ದಿನವಿಡೀ ನೀರು ನೀರಾಗಿ ಭೇದಿ. ತಲೆ ಸುತ್ತಿ ಏಳಲಾಗದೆ ಮಲಗಿದ್ದೆ.

ತಪ್ಪು ಪುಡಿಯದ್ದಲ್ಲ. ದಿನಕ್ಕೆ ಒಂದೇ ಸಲ 17 ಗ್ರಾಂ, ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಯಬೇಕು. ರುಚಿಯೇ ಇಲ್ಲ, ಸಲೀಸಾಗಿ ಕುಡಿಯಬಹುದು. ಕರುಳಿನಲ್ಲಿ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುವುದಷ್ಟೇ ಇದರ ಕೆಲಸ, ಅದಕ್ಕೇ 1ರಿಂದ 3 ದಿನ ಹಿಡಿಯುತ್ತದೆ. ಬಿಸಾಕೊಡಿಲ್ ಬೇರೆ ಜಾತಿ. ಅದು ಕರುಳನ್ನು ಹಿಂಡಿ ಮುಂದೆ ತಳ್ಳುತ್ತದೆ, 6ರಿಂದ 12 ಗಂಟೆಯಲ್ಲಿ ಹೊಟ್ಟೆ ಖಾಲಿ, ಆದರೆ ನುಲಿತ ಜಾಸ್ತಿ. ಅದನ್ನು ಅಗಿಯಬಾರದು, ಹಾಲಿನ ಜೊತೆ ನುಂಗಬಾರದು ಅಂತ ಚೀಟಿಯಲ್ಲೇ ಬರೆದಿತ್ತು. ನಾನು ಓದಿರಲಿಲ್ಲ.

ಪುಡಿಯ ಡಬ್ಬಿಯ ಮೇಲೂ ವೈದ್ಯರನ್ನು ಕೇಳದೆ 7 ದಿನಕ್ಕಿಂತ ಹೆಚ್ಚು ಬಳಸಬೇಡಿ ಎಂದಿತ್ತು. ನಾನು ಮೂರು ವಾರ ಸುಮ್ನೆ ಎಳೆದೆ. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, ಬೇರೆ ಏನೇನು ಮಾತ್ರೆ ತಗೊಳ್ತಿದ್ದೀರಿ ಅಂತ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ, ಅದೂ ಹೊಟ್ಟೆ ಕಟ್ಟಿಸುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ! ಕೆಲವು ನೋವಿನ ಮಾತ್ರೆಗಳೂ ಹೀಗೇ ಮಾಡುತ್ತವಂತೆ, ಥೈರಾಯ್ಡ್ ಕಡಿಮೆಯಾದರೂ ಆಗುತ್ತದಂತೆ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಕಬ್ಬಿಣದ ಮಾತ್ರೆ ಬದಲಾಯಿಸಿ, ಪುಡಿಯನ್ನು ಮುಂದುವರಿಸಲು ಹೇಳಿದರು. ಅಲ್ಲಿಂದ ಇವತ್ತಿನವರೆಗೆ ಅವರು ಹೇಳಿದ ಅಳತೆಯೇ.

ಮೊದಲ ಎರಡು ವಾರ ಹೊಟ್ಟೆ ಉಬ್ಬರ, ಗ್ಯಾಸ್ ಇತ್ತು. ಆಮೇಲೆ ತಾನಾಗಿ ಇಳಿಯಿತು. ಮುಚ್ಚಳದೊಳಗಿನ ಅಳತೆಗೆರೆ ಮಾತ್ರ ಕಣ್ಣಿಗೆ ಕಾಣುವುದೇ ಇಲ್ಲ, ವಯಸ್ಸಾದವರಿಗೆ ಬಹಳ ಕಷ್ಟ.

ದಯವಿಟ್ಟು ಇಷ್ಟು ನೆನಪಿಡಿ. ಜೋರು ಹೊಟ್ಟೆನೋವು, ವಾಂತಿ ಇದ್ದು ಗಾಳಿಯೂ ಹೋಗುತ್ತಿಲ್ಲ ಅಂದರೆ ಭೇದಿ ಮಾಡಿಸುವ ಯಾವ ಔಷಧಿಯನ್ನೂ ಮುಟ್ಟಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಡಬ್ಬಿ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಕಿಡ್ನಿ ತೊಂದರೆ ಇರುವವರು ಮೆಗ್ನೀಷಿಯಂ ಇರುವ ಔಷಧಿಯನ್ನು ಕೇಳದೆ ಕುಡಿಯಬಾರದು. ಇಸಬ್ಗೋಲ್ ತಗೊಳ್ಳುವವರು ನೀರು ಕಡಿಮೆ ಕುಡಿದರೆ ಅದೇ ಉಬ್ಬಿ ಒಳಗೆ ಸಿಕ್ಕಿಕೊಳ್ಳಬಹುದು.

ನಾನೀಗ ಎರಡು ದಿನಕ್ಕೊಮ್ಮೆ ಅರ್ಧ ಅಳತೆಗೆ ಇಳಿದಿದ್ದೇನೆ. ಮುಂದಿನ ತಿಂಗಳು ಪೂರ್ತಿ ನಿಲ್ಲಿಸಿ ನೋಡೋಣ ಎಂದಿದ್ದಾರೆ ಡಾಕ್ಟರು.