ಐದು ವರ್ಷ ಬಳಸಿದ ಮೇಲೆ: ರಂಗೋಲಿ ಹಾಕಲು ಚೆಂದದ ಆ್ಯಪ್, ಕಾಮೆಂಟ್ ಓದಲು ಅಲ್ಲ

ಬೆಳಗ್ಗೆ ಆರಕ್ಕೆ ಅಂಗಳಕ್ಕೆ ನೀರು ಹಾಕಿ, 15ರಿಂದ 8ರವರೆಗೆ ಸಂದು ಚುಕ್ಕಿ ಇಟ್ಟು ರಂಗೋಲಿ ಬಿಡುತ್ತೇನೆ. ನೆಲದ ತೇವ ಆರುವ ಮೊದಲೇ ಒಂದು ಫೋಟೋ. ಐದು ವರ್ಷದಿಂದ ಫೋಟೋ, ವಿಡಿಯೋ ಹಂಚುವ ಈ ಆ್ಯಪಿನಲ್ಲಿ ನನಗೆ ಇದೇ ಕೆಲಸ. ಕಾಫಿ ಮುಗಿಯುವಷ್ಟರಲ್ಲಿ ಯಾವುದೋ ಊರಿನ ಹೆಂಗಸರು, "ಅಕ್ಕ, ಆ ಮೂಲೆ ಎಳೆ ಹೇಗೆ ತಿರುಗಿಸಿದ್ರಿ?" ಅಂತ ಕೇಳುತ್ತಿದ್ದರು. ದುಡ್ಡೂ ಕೊಡಬೇಕಿಲ್ಲ, ತಿಂಗಳ ರೀಚಾರ್ಜ್ ಅಷ್ಟೇ.

ಕಳೆದ ಧನುರ್ಮಾಸದಲ್ಲಿ ಒಂದು ವಿಡಿಯೋದಲ್ಲಿ ನನ್ನ ಮುಖವೂ ಬಂತು. ಯಾರೋ ನನ್ನ ಮೈಬಣ್ಣ ಆಡಿಕೊಂಡು ಒಂದು ಸಾಲು ಬರೆದ. ಅದಕ್ಕೆ ಲೈಕ್ ಬಿತ್ತು. ಲೈಕ್ ಜಾಸ್ತಿಯಾದಂತೆ ಅದೇ ಎಲ್ಲಕ್ಕಿಂತ ಮೇಲೆ ಬಂದು ಕೂತಿತು. ಸಂಜೆ ಹೊತ್ತಿಗೆ ಅಂಥವೇ ನೂರು ದಾಟಿದ್ದವು.

ರಿಪೋರ್ಟ್ ಮಾಡಿದೆ. "ನಿಯಮ ಮೀರಿಲ್ಲ" ಅಂತ ಉತ್ತರ. ಬೇಡದ ಪದ ತಡೆಯುವ ಸೌಲಭ್ಯ ಇದೆ, ನಿಜ. "ಕರಿ" ಅಂತ ಕನ್ನಡದಲ್ಲಿ ಸೇರಿಸಿದೆ, ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆದರು. ಅದನ್ನೂ ಸೇರಿಸಿದೆ, ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಬರೆದರು. ರಾತ್ರಿ ಹನ್ನೊಂದರವರೆಗೂ ಒಂದೇ ಬೈಗುಳದ ಒಂಬತ್ತು ಸ್ಪೆಲ್ಲಿಂಗ್ ಟೈಪ್ ಮಾಡುತ್ತಾ ಕೂತಿದ್ದೆ.

ಬರೆದವರಲ್ಲಿ ಒಬ್ಬನಿಗೆ ಮೆಸೇಜ್ ಹಾಕಿದೆ, ಯಾಕಪ್ಪಾ ಅಂತ. ಕಾಲೇಜು ಹುಡುಗ. "ಎಲ್ಲರೂ ಬರೀತಿದ್ರು ಆಂಟಿ, ನಾನೂ ಸುಮ್ನೆ ಬರೆದೆ. ನೀವು ಓದ್ತೀರ ಅಂದ್ಕೊಂಡಿರಲಿಲ್ಲ." ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಇದನ್ನು ವಿವರಿಸಿದ್ದಾರೆ: ತಾನು ಯಾರೆಂದು ಗೊತ್ತಾಗುವುದಿಲ್ಲ, ಎದುರಿನವರ ಮುಖವೂ ಕಾಣುವುದಿಲ್ಲ ಅಂದಾಗ ಆನ್‌ಲೈನಿನಲ್ಲಿ ನಾಲಿಗೆಯ ಹಿಡಿತ ತಪ್ಪುತ್ತದೆ. ಇದೇ ಹುಡುಗ ನನ್ನ ಗೇಟಿನ ಮುಂದೆ ನಿಂತು ಆ ಮಾತು ಆಡುತ್ತಿದ್ದನಾ? ಇಲ್ಲ. ಅವನ ಮೇಲಿನ ಸಿಟ್ಟು ಅಂದೇ ಇಳಿಯಿತು. ಆ ಮಾತನ್ನು ಎತ್ತಿ ಮೇಲೆ ಕೂರಿಸಿದ ಆ್ಯಪಿನ ಮೇಲಿನದು ಇನ್ನೂ ಇದೆ.

ಒಂದು ದಾರಿ ಮಾತ್ರ ಕೆಲಸ ಮಾಡಿತು. 2021ರ ಐಟಿ ನಿಯಮದ ಪ್ರಕಾರ ಇಂಥ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದಿದೆ ಅಂತ 24 ಗಂಟೆಯಲ್ಲಿ ತಿಳಿಸಬೇಕು, ಆಗ 15 ದಿನದೊಳಗೆ ಇತ್ಯರ್ಥ ಮಾಡಬೇಕಿತ್ತು (2026ರಲ್ಲಿ ಆ ಗಡುವು ಇಳಿಯಿತು). ಸ್ಕ್ರೀನ್‌ಶಾಟ್ ಸಮೇತ ಅವರಿಗೇ ಮೇಲ್ ಹಾಕಿದೆ. ಹನ್ನೆರಡನೇ ದಿನ ಆ ಮೊದಲ ಸಾಲು ಹೋಯಿತು. ನೀವು ಕಾಮೆಂಟ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಎರಡು ಸ್ಟಾರ್ ಕೊಡುತ್ತೇನೆ. ಈಗ ನನಗೆ ಗೊತ್ತಿರುವವರು ಮಾತ್ರ ಕಾಮೆಂಟ್ ಹಾಕುವಂತೆ ಮಾಡಿಟ್ಟಿದ್ದೇನೆ. ಬೈಗುಳ ನಿಂತಿದೆ. ಮೂಲೆ ಎಳೆ ಹೇಗೆ ತಿರುಗಿಸಿದ್ರಿ ಅಂತ ಕೇಳುವ ಹೊಸಬರೂ ಇಲ್ಲ.