ರಿಟೈರ್ ಆದವರಿಗೆ ಟ್ಯಾಲಿ ಕ್ಲಾಸು: ದುಡ್ಡು ಕೊಟ್ಟು ಸೇರಬಹುದಾ?

ಐದಕ್ಕೆ ಮೂರು ಸ್ಟಾರ್. ಟ್ಯಾಲಿ (ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್) ಕಲಿಸಿದ್ದಕ್ಕೆ ನಾಲ್ಕು, ಜಿಎಸ್‌ಟಿ ಕಲಿಸಿದ್ದಕ್ಕೆ ಎರಡು, ಸರಾಸರಿ ಮೂರು. ಬ್ಯಾಂಕಿನಲ್ಲಿದ್ದವಳು, ಲೆಕ್ಕ ಹಾಕದೆ ಸ್ಟಾರ್ ಕೊಡಲ್ಲ.

ಸೆಂಟರಿನ ಹೆಸರು ಬೇಡ. ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಓಡಾಡಿದರೆ ಇಂಥ ಬೋರ್ಡುಗಳು ಬೇಕಾದಷ್ಟು ಕಾಣುತ್ತವೆ. ‘ಟ್ಯಾಲಿ ಪ್ರೈಮ್ ವಿತ್ ಜಿಎಸ್‌ಟಿ, ಕೆಲಸ ಗ್ಯಾರಂಟಿ.’ ಫೀಸು 8,500 ರೂಪಾಯಿ, ಎರಡು ತಿಂಗಳ ಕೋರ್ಸು. ನಾನು ಸಿಂಡಿಕೇಟ್ ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿದವಳು. 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನ ಜೊತೆ ವಿಲೀನವಾಯಿತು, ಅಲ್ಲೇ ರಿಟೈರ್ ಆದೆ. ಪೆನ್ಷನ್ ಬರುತ್ತದೆ, ಊಟ ತಿಂಡಿಗೆ ತೊಂದರೆ ಇಲ್ಲ. ಆದರೆ ಬೆಳಗ್ಗೆ ಹತ್ತಾಯಿತು ಅಂದರೆ ಕೈಗೆ ಕೆಲಸ ಬೇಕು ಅನ್ನಿಸುತ್ತದೆ. ಧಾರಾವಾಹಿ ನೋಡುವ ತಾಳ್ಮೆ ನನಗಿಲ್ಲ.

ಸೇರಿದ್ದಕ್ಕೆ ಕಾರಣ 2025ರ ಜುಲೈನ ಗಲಾಟೆ. ಯುಪಿಐನಲ್ಲಿ ಬಂದ ದುಡ್ಡು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತಲ್ಲ, ಆಗ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ಎಷ್ಟೋ ಜನಕ್ಕೆ ಅವತ್ತೇ ಗೊತ್ತಾಗಿದ್ದು. ಬೇಕರಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಅಂಟಿಸಿದರು. ಲೆಕ್ಕ ಬರೆಯೋರು ಇನ್ಮೇಲೆ ಎಲ್ಲರಿಗೂ ಬೇಕಾಗುತ್ತಾರೆ ಅಂತ ನನಗೆ ಹೊಳೆಯಿತು.

ಕಲಿಸುವ ಹುಡುಗ ಚುರುಕು. ಮೊದಲ ದಿನವೇ ಮೌಸ್ ಕಿತ್ತುಕೊಂಡ. ‘ಮೇಡಂ, ಟ್ಯಾಲಿಯಲ್ಲಿ ಎಲ್ಲಾ ಕೀಬೋರ್ಡೇ’ ಅಂದ. ಕಾಂಟ್ರಾಗೆ (ಕ್ಯಾಶು, ಬ್ಯಾಂಕಿನ ನಡುವೆ ದುಡ್ಡು ಓಡಾಡೋದು) ಎಫ್4, ಪೇಮೆಂಟಿಗೆ ಎಫ್5, ರಿಸೀಟಿಗೆ ಎಫ್6, ಜರ್ನಲ್‌ಗೆ ಎಫ್7, ಸೇಲ್ಸಿಗೆ ಎಫ್8, ಪರ್ಚೇಸಿಗೆ ಎಫ್9. ವೋಚರ್, ಅಂದರೆ ಒಂದೊಂದು ವ್ಯವಹಾರದ ಎಂಟ್ರಿ, ಹಾಕುವಾಗ ಲೆಡ್ಜರ್ (ಆ ಹೆಸರಿನ ಖಾತೆ) ಇಲ್ಲದಿದ್ದರೆ ಆಲ್ಟ್ ಸಿ ಒತ್ತಿ ಅಲ್ಲೇ ಮಾಡಿಕೊಳ್ಳಬಹುದು. ದಿನಾ ಒತ್ತೀ ಒತ್ತೀ ಬೆರಳಿಗೇ ಗೊತ್ತಾಗಿಬಿಟ್ಟಿತು. ಪಕ್ಕದಲ್ಲಿ ಕೂತ ಬಿಕಾಂ ಹುಡುಗಿಯರು ‘ಆಂಟಿ ಫಾಸ್ಟು’ ಅನ್ನೋರು. ಕೌಂಟರಿನಲ್ಲಿ ನೋಟು ಎಣಿಸಿದ ಕೈ ಕಣ್ರಮ್ಮಾ!

ಒಂದು ವಿಷಯ ಮಾತ್ರ ನಗು ಬರಿಸಿತು. ಅಲ್ಲಿನ ಕಂಪ್ಯೂಟರುಗಳಲ್ಲಿ ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡ್. ಅದರಲ್ಲಿ ತಿಂಗಳ 1, 2, 31ನೇ ತಾರೀಖಿಗೆ ಮಾತ್ರ ಎಂಟ್ರಿ ಹಾಕಬಹುದು. ಹಾಗಾಗಿ ಕಲಿಯೋಕೆ ಅಂತ ಮಾಡಿಕೊಂಡ ನಮ್ಮ ‘ಎಬಿಸಿ ಟ್ರೇಡರ್ಸ್’ ಒಂದನೇ ತಾರೀಖು ಬಾಗಿಲು ತೆಗೆದು, ಎರಡಕ್ಕೆ ಮುಚ್ಚಿ, ಮತ್ತೆ ತಿಂಗಳ ಕೊನೆಗೆ ತೆಗೆಯೋದು. ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಎಲ್ಲಾ ಎರಡನೇ ತಾರೀಖೇ. ಕಲಿಯೋಕೆ ಇಷ್ಟು ಸಾಕು, ಅದರಲ್ಲಿ ಮೋಸ ಏನಿಲ್ಲ. ಆದರೆ ಸೇರುವಾಗಲೇ ಹೇಳಬಹುದಿತ್ತು.

ಬ್ಯಾಂಕಿನಿಂದ ರಿಟೈರ್ ಆದವರಿಗೆ ಒಂದು ಮಾತು. ಗ್ರಾಹಕರ ಠೇವಣಿ ಬ್ಯಾಂಕಿಗೆ ಸಾಲ, ಆದ್ದರಿಂದ ನಮ್ಮ ಪುಸ್ತಕದಲ್ಲಿ ಕ್ರೆಡಿಟ್. ಅದೇ ದುಡ್ಡು ಅಂಗಡಿಯವರ ಪುಸ್ತಕದಲ್ಲಿ ಆಸ್ತಿ, ಡೆಬಿಟ್. ಜೀವಮಾನವೆಲ್ಲ ಕೌಂಟರಿನ ಈ ಕಡೆ ಕೂತವರಿಗೆ ಆ ಕಡೆಯಿಂದ ನೋಡೋಕೆ ಸ್ವಲ್ಪ ಸಮಯ ಬೇಕು. ‘ಯಾಕಪ್ಪಾ ಉಲ್ಟಾ?’ ಅಂತ ಕೇಳಿದರೆ ಆ ಹುಡುಗ ‘ಹಂಗೇ ಮೇಡಂ, ನೆನಪಿಟ್ಕೊಳಿ’ ಅಂದ. ಕೊನೆಗೆ ನಾನೇ ಬೋರ್ಡಿನ ಮೇಲೆ ಬರೆದು ಹುಡುಗಿಯರಿಗೆ ಬಿಡಿಸಿ ಹೇಳಿದೆ. ಸೆಂಟರಿನವರು ಫೀಸಿನಲ್ಲಿ ಏನೂ ಬಿಡಲಿಲ್ಲ ಅನ್ನೋದು ಬೇರೆ ಮಾತು.

ಜಿಎಸ್‌ಟಿ ವಿಷಯಕ್ಕೆ ಬಂದರೆ ನಿಜಕ್ಕೂ ಬೇಜಾರು. ನಾವು ಕಲಿಯುತ್ತಿರುವಾಗಲೇ, 2025ರ ಸೆಪ್ಟೆಂಬರ್ 22ಕ್ಕೆ, ದರಗಳು ಬದಲಾದವು. ಶೇ. 12 ಮತ್ತು 28ರ ಹಂತ ಹೆಚ್ಚುಕಮ್ಮಿ ಹೋಗಿ 5 ಮತ್ತು 18 ಉಳಿದವು. ನಮಗೆ ಆಮೇಲೂ ಕೊಟ್ಟಿದ್ದು ಅದೇ ಹಳೇ ಜೆರಾಕ್ಸ್ ನೋಟ್ಸು. ರಿಟರ್ನ್ ಹಾಕುವ ಜಿಎಸ್‌ಟಿ ಪೋರ್ಟಲ್ ಅಂತೂ ಯಾವತ್ತೂ ತೆರೆದು ತೋರಿಸಲಿಲ್ಲ, ಬರೀ ಸ್ಕ್ರೀನಿನ ಫೋಟೊ. ಈಜು ಕಲಿಸೋರು ಕೆರೆಯ ಫೋಟೊ ತೋರಿಸಿದ ಹಾಗಾಯಿತು.

‘ಕೆಲಸ ಗ್ಯಾರಂಟಿ’ ಕತೆ ಚಿಕ್ಕದು. ಅವರು ಕಳಿಸುವ ಕಂಪನಿಗಳಿಗೆ ಇಪ್ಪತ್ತೈದರ ಒಳಗಿನವರು ಬೇಕು, ಇಡೀ ದಿನದ ಕೆಲಸ. ನನ್ನ ವಯಸ್ಸು ಫಾರಂನಲ್ಲೇ ಇತ್ತು, ಆದರೂ ಸರ್ಟಿಫಿಕೇಟ್ ಕೊಡುವ ತನಕ ಯಾರೂ ಬಾಯಿ ಬಿಡಲಿಲ್ಲ.

ಕೆಲಸ ನಾನೇ ಹುಡುಕಿಕೊಂಡೆ. ಶಿವರಾಂಪೇಟೆಯಲ್ಲಿ ಒಂದು ಸ್ಟೇಷನರಿ ಅಂಗಡಿ, ಮೊಮ್ಮಗನಿಗೆ ಪುಸ್ತಕ ತರುವ ಜಾಗ. ‘ಲೆಕ್ಕ ಯಾರು ಬರೀತಾರೆ?’ ಅಂತ ಸುಮ್ನೆ ಕೇಳಿದೆ. ಮಾಲೀಕರು ಚೀಟಿಗಳ ಡಬ್ಬ ಎತ್ತಿ ತೋರಿಸಿದರು! ಈಗ ವಾರಕ್ಕೆ ಮೂರು ದಿನ, ಹನ್ನೊಂದರಿಂದ ಎರಡರ ತನಕ, ತಿಂಗಳಿಗೆ 6,500. ಊಟಕ್ಕೆ ಮನೆಗೆ ಬರಬಹುದು.

ಅಲ್ಲಿ ಹೋದ ಮೇಲೆ ಕ್ಲಾಸಿನಲ್ಲಿ ಏನೇನು ಬಿಟ್ಟಿದ್ದರು ಅಂತ ತಿಳಿಯಿತು. ನೋಟ್‌ಬುಕ್ಕಿಗೆ, ಪೆನ್ಸಿಲಿಗೆ ಇದ್ದ ಶೇ. 12 ಪೂರ್ತಿ ಹೋಗಿದೆ, ಜಾಮಿಟ್ರಿ ಬಾಕ್ಸಿಗೆ 5 ಆಗಿದೆ, ಪೆನ್ನು 18ರಲ್ಲೇ ಇದೆ. ಒಂದೊಂದು ಐಟಂ ತೆರೆದು ದರ ಬದಲಿಸಬೇಕಾಯಿತು. ತೆರಿಗೆ ಹೋದ ನೋಟ್‌ಬುಕ್ಕುಗಳ ಹಳೇ ಸ್ಟಾಕಿದ್ದರೆ ಅದರ ಮೇಲೆ ತೆಗೆದುಕೊಂಡಿದ್ದ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆ, ನಾವು ಕಟ್ಟುವುದರಲ್ಲಿ ಕಳೆದುಕೊಳ್ಳೋದು) ವಾಪಸ್ ಬಿಡಬೇಕು. ಇದನ್ನು ಹೇಳಿದ್ದು ಅಂಗಡಿಯ ಆಡಿಟರ್, ನಮ್ಮ ಮೇಷ್ಟ್ರಲ್ಲ. ತಿಂಗಳು ತಿಂಗಳೂ ರಿಟರ್ನ್ ಹಾಕುವವರಿಗೆ 11ನೇ ತಾರೀಖಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ಒಟ್ಟು ಲೆಕ್ಕ). ನಡುವೆ 14ಕ್ಕೆ 2ಬಿ, ಅಂದರೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಅದರಲ್ಲಿ ಸಪ್ಲೈಯರ್ ಬಿಲ್ಲು ಕಾಣದಿದ್ದರೆ ಅವರಿಗೆ ಫೋನ್ ಮಾಡಿ ಬೆನ್ನು ಹತ್ತಬೇಕು. ಈ ಫೋನು ಮಾಡೋದೇ ನನ್ನ ಇಷ್ಟದ ಕೆಲಸ. ಸಾಲ ವಸೂಲಿ ಮಾಡಿದ ಅನುಭವ ಎಲ್ಲಿಗೆ ಹೋಗುತ್ತದೆ?

ಹಾಗಾದರೆ ಸೇರಬೇಕಾ? ಡೆಬಿಟ್ ಕ್ರೆಡಿಟ್ ಗೊತ್ತಿರುವವರು, ಅಂದರೆ ಬ್ಯಾಂಕು, ಸೊಸೈಟಿ, ಖಜಾನೆಯಲ್ಲಿ ದುಡಿದವರು, ಟ್ಯಾಲಿಗೆ ಮಾತ್ರ ಸೇರಿ. ಬರೀ ಟ್ಯಾಲಿ ಕೋರ್ಸಿಗೆ 5,000 ಅಂತ ಆಮೇಲೆ ಗೊತ್ತಾಯಿತು, ಬೋರ್ಡಿನಲ್ಲಿ ಹಾಕಿಲ್ಲ, ಕೇಳಬೇಕು. ಜಿಎಸ್‌ಟಿಯನ್ನು ಯಾವುದಾದರೂ ಆಡಿಟರ್ ಆಫೀಸಿನಲ್ಲಿ ಒಂದು ತಿಂಗಳು ಬಿಟ್ಟಿ ದುಡಿದು ಕಲಿಯಿರಿ. ಲೆಕ್ಕವೇ ಹೊಸದು ಅನ್ನೋರಿಗೆ ಎರಡು ತಿಂಗಳು ಸಾಲದು. ದುಡ್ಡು ಕಟ್ಟುವ ಮೊದಲು ‘ಪೋರ್ಟಲ್ ತೆರೆದು ತೋರಿಸ್ತೀರಾ?’ ಅಂತ ಕೇಳಿ.

ಇನ್ನೊಂದು. ಸೆಂಟರ್ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬೆಳಗಿನ ಬ್ಯಾಚ್ ಕೇಳಿ ತೆಗೆದುಕೊಳ್ಳಿ. ಸಂಜೆ ಕಾಲೇಜು ಬಿಟ್ಟ ಮೇಲೆ ಒಂದು ಕಂಪ್ಯೂಟರಿಗೆ ಇಬ್ಬರು.